ಜೇಬಿನಲ್ಲಿದ್ದ ಕಿವಿ

"ಹಂಗೆ ಎಳೀಬೇಡಿ ಆಂಟಿ, ಹಿಡಿ ಮುರಿದು ಕೈಗೆ ಬರುತ್ತೆ!" ಎನ್ನುತ್ತಲೇ ಎದುರು ಮನೆಯ ಫ್ರಿಜ್ ರಿಪೇರಿಯವನು ಒಳಗೆ ಓಡಿ ಬಂದ. ಆಕೆ ವಾಷಿಂಗ್ ಮೆಷಿನ್ನಿನ ಮುಂದೆ ನೆಲದ ಮೇಲೆ ಕೂತು, ಒಂದು ಕಾಲನ್ನು ಅದಕ್ಕೆ ಒತ್ತುಕೊಟ್ಟು, ಬಾಗಿಲನ್ನು ಎರಡೂ ಕೈಯಲ್ಲಿ ಜಗ್ಗುತ್ತಿದ್ದಳು. ಗಾಜಿನ ಹಿಂದೆ ನೀಲಿ ಗೀಟಿನ ಅಂಗಿಯೊಂದು ನೊರೆನೀರಿನಲ್ಲಿ ಉಬ್ಬಿಕೊಂಡು ತೇಲುತ್ತಿತ್ತು.

"ಸ್ವಿಚ್ ಆರಿಸಿದೆ, ಪ್ಲಗ್ಗೂ ಕಿತ್ತೆ. ಹಾಳಾದ್ದು ಬಿಡ್ತಾನೇ ಇಲ್ಲ ಕಣೋ!"

"ನೀರಿರೋವರೆಗೂ ಲಾಕ್ ಬಿಡಲ್ಲ ಆಂಟಿ. ಅಂಥದ್ದೇನಿದೆ ಒಳಗೆ?"

"ನಮ್ಮ ಯಜಮಾನರ ಕಿವಿ."

ಅದು ತಮಾಷೆಯ ಮಾತಾಗಿರಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಗದ್ದಲದಲ್ಲೇ ಆಯುಸ್ಸು ಕಳೆದ ಯಜಮಾನರಿಗೆ ಶ್ರವಣಯಂತ್ರ ಇಲ್ಲದಿದ್ದರೆ ಪಕ್ಕದಲ್ಲೇ ಸಿಡಿಲು ಬಿದ್ದರೂ ಕೇಳಿಸದು. ಮಾತು ರುಚಿಸದಿದ್ದಾಗಲೆಲ್ಲ ಅದನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡುಬಿಡುವುದು ಅವರ ಚಾಳಿ. ಜಗಳ ಅಲ್ಲಿಗೆ ಖಲಾಸ್. ಬೇಕಿದ್ದರೆ ಗೋಡೆಗೆ ಹೇಳಿಕೋ! ಅವರು ಸ್ನಾನಕ್ಕೆ ಹೋದಾಗ ಆಕೆ ಜೇಬು ತಡಕಿ, ಅದನ್ನು ತೆಗೆದು ಒರೆಸಿ, ಊಟದ ತಟ್ಟೆಯ ಪಕ್ಕ ಇಡುತ್ತಿದ್ದಳು. ಅವರು ತುಟಿಪಿಟಕ್ಕೆನ್ನದೆ ಎತ್ತಿ ಕಿವಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ರಾಜಿ ಎಂದರೆ ಅಷ್ಟೇ.

ಇವತ್ತಿನ ಜಗಳ ಅವರ ಅಣ್ಣನ ವಿಷಯಕ್ಕೆ. ಇಬ್ಬರೂ ಸೇರಿ ಕಟ್ಟಿದ ಪ್ರೆಸ್ಸನ್ನು ಅಣ್ಣ ಒಂದು ಮಾತೂ ಕೇಳದೆ ಗುಜರಿಗೆ ಹಾಕಿದಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. "ಆಸ್ಪತ್ರೆಯಲ್ಲಿದಾರೆ ಕಣ್ರೀ, ಒಂದ್ಸಲ ಫೋನಾದ್ರೂ ಮಾಡಿ" ಎಂದದ್ದೇ ತಡ, ಕಿವಿ ಜೇಬಿಗೆ ಹೋಯಿತು. ಆಕೆಗೂ ರೇಗಿಹೋಯಿತು. ಈ ಬಂಡೆಗಲ್ಲಿನ ಜೊತೆ ಪ್ರತಿ ಸಲ ನಾನೇ ಯಾಕೆ ರಾಜಿಯಾಗಬೇಕು ಎಂದು, ಬಚ್ಚಲ ಮುಂದೆ ಬಿದ್ದಿದ್ದ ಅಂಗಿಯನ್ನು ಜೇಬೂ ನೋಡದೆ ಮೆಷಿನ್ನಿಗೆ ತುರುಕಿ ಗುಂಡಿ ಒತ್ತಿದಳು.

ಅದು ನೀರು ಕುಡಿದು ತಿರುಗುತ್ತಿರುವಾಗ ಓರಗಿತ್ತಿಯ ಫೋನು ಬಂತು. "ಡಾಕ್ಟರು ಕೈಬಿಟ್ರು ಕಣೇ. ಮಾಸ್ಕ್ ತೆಗೆದು ಎರಡು ಮಾತಾಡಕ್ಕೆ ಬಿಡ್ತಾರಂತೆ. ಇವರಿಗೆ ತಮ್ಮನೇ ಬೇಕಂತೆ. ಇನ್ನೊಂಚೂರು ಹೊತ್ತಿಗೆ ಮಾಡ್ತೀನಿ, ಅವರಿಗೆ ಕೊಡು."

ಕಿವಿ ಇಲ್ಲದಾಗ ಯಜಮಾನರು ಆಕೆಯ ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದರು. ಸುದ್ದಿಯನ್ನೂ ಹಾಗೇ ಹಿಡಿದಿದ್ದರು. ಈಗ ಒದ್ದೆ ತಲೆಯಲ್ಲೇ ಸ್ಟೂಲಿನ ಮೇಲೆ ಕೂತು, ತಮ್ಮ ದನಿ ತಮಗೇ ಕೇಳದೆ ಕಿರುಚುತ್ತಿದ್ದರು: "ಬೇಗ ತೆಗೀರೋ! ಅವನ ದನಿ ಒಂದ್ಸಲ ಕೇಳ್ಬೇಕು ನಾನು!" ಆಕೆ ಮತ್ತೊಮ್ಮೆ ಹಿಡಿಯನ್ನು ಜಗ್ಗಿದಳು. ಎಲ್ಲ ಬಿಟ್ಟು ಇವತ್ತೇ ನನಗೆ ಆ ಕೋಪ ಬರಬೇಕಿತ್ತೇ!

ರಿಪೇರಿಯವನು ಮೆಷಿನ್ನಿನ ಬುಡದ ಪುಟ್ಟ ಮುಚ್ಚಳ ತೆಗೆದು, ಫಿಲ್ಟರನ್ನು ಮೆಲ್ಲಗೆ ಸಡಿಲಿಸಿದ. ನೊರೆನೀರು ಕೆಳಗಿಟ್ಟ ತಟ್ಟೆ ತುಂಬಿ, ನೆಲಕ್ಕೆ ಹರಿದು, ಯಜಮಾನರ ಪಾದ ನೆನೆಸಿತು. ಗಾಜಿನ ಹಿಂದೆ ಅಂಗಿ ತಳಕ್ಕೆ ಇಳಿದರೂ ಲಾಕ್ ಮಾತ್ರ ಬಿಡಲಿಲ್ಲ. ಅವನು ಆ ಸಂದಿಗೆ ಬೆರಳು ತೂರಿಸಿ, ಒಳಗಿದ್ದ ಸಣ್ಣ ದಾರವನ್ನು ಹುಡುಕಿ ಎಳೆದ. ಟಕ್ ಎಂದು ಬಾಗಿಲು ತೆರೆದುಕೊಂಡಿತು. ಆಕೆ ಅಂಗಿಯನ್ನು ಬಾಚಿ, ಜೇಬಿಗೆ ಕೈ ಹಾಕಿ, ಅದನ್ನು ತೆಗೆದು ಒರೆಸಿ, ಊದಿ, ಬ್ಯಾಟರಿ ಬದಲಿಸಿ ನೋಡಿದಳು. ಅದರಲ್ಲಿ ಜೀವವಿರಲಿಲ್ಲ.

"ಅಕ್ಕಿ ಡಬ್ಬಿಯಲ್ಲಿಟ್ರೆ ನಾಳೆ ಹೊತ್ತಿಗೆ ಏನಾದ್ರೂ..." ಎಂದ ರಿಪೇರಿಯವನು.

"ನಾಳೆ ಯಾರಿಗೆ ಬೇಕೋ!" ಎಂದು ಆಕೆ ಗೋಳೋ ಎಂದಳು. ಅಷ್ಟರಲ್ಲಿ ಫೋನು ಬಂತು.

ಯಜಮಾನರು ಆಕೆಯ ಕೈಯಿಂದ ಯಂತ್ರವನ್ನು ಕಿತ್ತುಕೊಂಡು ಹಾಗೇ ಒದ್ದೆಯಾಗಿ ಕಿವಿಗೆ ತುರುಕಿಕೊಂಡರು. ಆಕೆ ಸ್ಪೀಕರ್ ಒತ್ತಿ ಫೋನು ಕೊಟ್ಟು, "ನನ್ನ ತುಟಿ ನೋಡ್ತಿರಿ, ಹೇಳ್ತೀನಿ" ಎಂದು ಸನ್ನೆ ಮಾಡಿದಳು. ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಆಕೆಯನ್ನೇ ನೋಡುತ್ತ ಕೂತರು.

"ಲೋ..." ಅಣ್ಣನ ದನಿ ತರಗೆಲೆಯಂತಿತ್ತು. "ಕಿವಿಗೆ ಹಾಕ್ಕೊಂಡಿದೀಯೋ, ಜೇಬಲ್ಲಿಟ್ಟಿದೀಯೋ?"

ಆಕೆ ಹೇಳಲು ಹೋದಳು. ಆದರೆ ಅಳು ಒತ್ತರಿಸಿ ಬಂದು ತುಟಿ ಅದುರಿ ಸೊಟ್ಟಗಾಯಿತು. ಯಜಮಾನರಿಗೆ ಒಂದಕ್ಷರವೂ ಸಿಗಲಿಲ್ಲ. ಸುಮ್ಮನಿದ್ದರೆ ಅಣ್ಣ ತಪ್ಪು ತಿಳಿದಾನೆಂದು "ಹೂಂ ಅಣ್ಣಾ, ಹೂಂ" ಎಂದರು.

"ಹಂಗಾದ್ರೆ ಕೇಳು. ನಿನ್ನ ಕೇಳದೆ ಮಾರಿದ್ದು ತಪ್ಪೇ. ಆ ಗದ್ದಲ ನಿನ್ನ ಉಳಿದ ಚೂರು ಕಿವೀನೂ ತಿಂದುಹಾಕ್ತಿತ್ತು ಕಣೋ. ನೋಡಕ್ಕಾಗಲಿಲ್ಲ ನಂಗೆ. ಹೇಳಕ್ಕೆ ಬಂದ್ರೆ ನೀನು ಅದನ್ನ ಕಿತ್ತು ಜೇಬಿಗೆ..."

ಕೆಮ್ಮು ಬಂತು. ಹಿಂದೆಯೇ ಓರಗಿತ್ತಿಯ ಕೂಗು. ಫೋನು ಕಟ್ಟಾಯಿತು.

ರಿಪೇರಿಯವನು ಗೋಡೆಯ ಕಡೆ ತಿರುಗಿ ನಿಂತ. ಆಕೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಕೆಯ ತುಟಿ ಕಾಣದೆ ಯಜಮಾನರು ಫೋನನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡರು. ಕಿವಿಯಿಂದ ಸೋಪಿನ ನೀರು ಕತ್ತಿನ ಮೇಲೆ ಇಳಿಯುತ್ತಿತ್ತು.

"ಹೂಂ, ಹೇಳಣ್ಣಾ," ಎನ್ನುತ್ತಲೇ ಇದ್ದರು, "ಕೇಳಿಸ್ತಾ ಇದೆ."