ಹುಳದ ಮನೆಯ ರಾಜಕುಮಾರಿ

ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ ಬಡಿದರೆ ಈಗಲೂ ನನಗೆ ಒಬ್ಬ ರಾಜಕುಮಾರಿ ನೆನಪಾಗುತ್ತಾಳೆ.

ನನ್ನ ಬಾಲ್ಯದ ಒಂದು ಮಧ್ಯಾಹ್ನ ಶಿಡ್ಲಘಟ್ಟದ ನಮ್ಮ ರೇಷ್ಮೆಹುಳದ ಮನೆಯಲ್ಲಿ ಸೋದರತ್ತೆ, ಊರೆಲ್ಲ ಓದುತ್ತಿದ್ದ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಅದರಲ್ಲಿ ರಾಜಕುಮಾರಿ ಅಪ್ಪನ ಶತ್ರುವಿನ ಮಗನಿಗಾಗಿ ಕೋಟೆಯ ಗೋಡೆ ಹತ್ತಿದ್ದಳು.

"ಹೆತ್ತಪ್ಪನ ಮಾನ ಕಳೀತಾಳಲ್ಲ, ಇವಳೂ ಒಬ್ಳು ಹೆಣ್ಣಾ?" ಎಂದು ಅಜ್ಜಿ ಸಿಡುಕಿದಳು.

ಪಕ್ಕದ ಮನೆಯ ಶಾಹಿದಾ ಆಂಟಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪಾಪ ಕಣಮ್ಮ, ಹೋಗ್ಲಿ ಬಿಡಿ," ಎಂದರು.

ಇಬ್ಬರ ಜಗಳದಲ್ಲಿ ಹುಳಕ್ಕೆ ಸೊಪ್ಪು ಹಾಕುವುದೇ ಮರೆತುಹೋಯಿತು. ತಟ್ಟೆಗಳ ತುಂಬ ಹುಳಗಳು ತಲೆಯೆತ್ತಿ ತಡಕಾಡುತ್ತಿದ್ದವು.

ಬಾಗಿಲಲ್ಲಿ ತಾತ ಗುಡುಗಿದ: "ಹುಳ ಉಪವಾಸ ಕೆಡವಿ ಸುಳ್ಳು ಕಥೆ ಕೇಳ್ತಾ ಕೂತಿದೀರಾ?"

ಅತ್ತೆ ಹೆದರಿ ಪುಸ್ತಕ ಮುಚ್ಚಿದಳು. ತಾತ ಸೊಪ್ಪಿನ ಮಂಕರಿ ಎತ್ತಿಕೊಂಡ.

"ಮುಚ್ಚಬೇಡಮ್ಮ, ಸೊಪ್ಪು ನಾನ್ ಹಾಕ್ತೀನಿ. ಆ ಹುಡುಗಿ ಗೋಡೆ ಇಳಿದ್ಲಾ ಇಲ್ವಾ, ಅದನ್ನ ಓದು."