ಪಕ್ಕದ ಸೀಟಿನ ಪ್ಲಾಸ್ಟಿಕ್ ಕವರ್

ಒಂದು ಲೋಟ ಟೀ ಹಿಡಿದು ಕೂತು ಓದಿ... ಟೀ ಮುಗಿಯುವಷ್ಟರಲ್ಲಿ ಕಥೆಯೂ ಮುಗಿಯುತ್ತದೆ.

ಮಂಗಳೂರಿನ ಗೇರುಬೀಜದ ವ್ಯಾಪಾರಿ ಶೇಷಗಿರಿ ಪ್ರಭುಗಳ ಬಳಿ ಒಂದು ಕೆಂಪು ಕಾರಿತ್ತು. ಇಟಲಿಯ ಹಳೇ ಆಲ್ಫಾ ರೋಮಿಯೋ ಸ್ಪೈಡರ್... ಮೇಲೆ ತೆರೆದ ಆಕಾಶ, ಒಳಗೆ ಎರಡೇ ಸೀಟು.

ಆದರೆ ಅದರಲ್ಲಿ ಇಬ್ಬರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಹೊಸ ಲೆದರ್ ಹಾಕಿಸಿದಾಗ ಬಂದ ಪ್ಲಾಸ್ಟಿಕ್ ಕವರ್ ಪಕ್ಕದ ಸೀಟಿನ ಮೇಲೆ ಹಾಗೇ ಇತ್ತು. ಹೆಂಡತಿ ಮೋಹಿನಿ ಮೊದಮೊದಲು, "ಕಡಲ ಕಡೆ ಒಂದು ರೌಂಡ್ ಹೋಗುವಾ" ಎನ್ನುತ್ತಿದ್ದರು.

"ಉಪ್ಪುಗಾಳಿಗೆ ತುಕ್ಕು ಹಿಡೀತದೆ ಮಾರಾಯ್ತಿ... ಸೀಟೂ ಹಾಳಾಗ್ತದೆ" ಎಂದು ಪ್ರಭುಗಳು ತಳ್ಳಿಹಾಕುತ್ತಿದ್ದರು.

ಆಮೇಲೆ ಮೋಹಿನಿ ಕೇಳುವುದನ್ನೇ ಬಿಟ್ಟರು... ಪ್ರಭುಗಳು ಅದನ್ನು ಗಮನಿಸಲೂ ಇಲ್ಲ.

ಊರಿನ ಕಾರು ಪ್ರಿಯರ ಕ್ಲಬ್ಬಿನವರು ವರ್ಷಕ್ಕೊಮ್ಮೆ ಮೈದಾನದಲ್ಲಿ ಪ್ರದರ್ಶನ ಇಡುತ್ತಾರೆ. ಬಂದವರಿಗೆಲ್ಲ ಗೇಟಿನಲ್ಲಿ ಒಂದೊಂದು ಸೇವಂತಿಗೆ ಕೊಡುತ್ತಾರೆ. ಮೆಚ್ಚಿದ ಕಾರಿನ ಮುಂದಿರುವ ಬುಟ್ಟಿಗೆ ಅದನ್ನು ಹಾಕಬೇಕು.

ಹೆಚ್ಚು ಹೂ ಸಿಕ್ಕ ಕಾರಿಗೆ ಕಪ್. ಹೂ ಎಣಿಸುವ ಮೊದಲೇ ಮೈದಾನ ಬಿಟ್ಟು ಹೋದ ಕಾರಿಗೆ ಏನೂ ಇಲ್ಲ.

ಹಿಂದಿನ ವರ್ಷ ಗೆದ್ದದ್ದು ಪ್ರಭುಗಳ ಸ್ಪೈಡರ್. ಈ ಸಲವೂ ಗೆಲ್ಲಲೇಬೇಕೆಂದು ಅದನ್ನು ಲಾರಿಯಲ್ಲಿ ಹೇರಿಸಿ ತಂದಿದ್ದರು. ಓಡಿಸಿದರೆ ಧೂಳು ತಾಗುತ್ತದಲ್ಲ...

ಪಕ್ಕದಲ್ಲಿ ಹಳದಿ ಲ್ಯಾಂಬೊರ್ಗಿನಿ ಹುರಾಕಾನ್. ಅದರ ಸುತ್ತ ಸೆಲ್ಫಿಯವರ ನೂಕುನುಗ್ಗಲು.

"ಚಂದಕ್ಕೆ ಹಳೇ ಲ್ಯಾಂಬೊರ್ಗಿನಿ ಮಿಯುರಾ ಬಿಟ್ರೆ ಇನ್ನೊಂದಿಲ್ಲ ಮಾರಾಯ" ಎಂದು ಒಬ್ಬ ವಾದಿಸುತ್ತಿದ್ದ. "ಎಂತ ಮಿಯುರಾ... ಫೆರಾರಿ ಎಫ್ 40 ಮುಂದೆ ಎಲ್ಲ ಸೊನ್ನೆ" ಎಂದು ಇನ್ನೊಬ್ಬ. ಇಬ್ಬರೂ ಬಂದದ್ದು ಒಂದೇ ಸ್ಕೂಟರಿನಲ್ಲಿ.

ಆಗ ಒಬ್ಬ ವಯಸ್ಸಾದ ಹೆಂಗಸು ನಿಧಾನವಾಗಿ ನಡೆದು ಬಂದರು. ಹಳದಿ ಕಾರಿನತ್ತ ತಿರುಗಿಯೂ ನೋಡದೆ, ಸ್ಪೈಡರ್ ಮುಂದೆ ನಿಂತು ಬುಟ್ಟಿಗೆ ಹೂ ಹಾಕಿದರು.

"ಇದು ನನ್ನ ಗಂಡನ ಹೂ, ಸರ್" ಎಂದರು. ಹೆಸರು ಫ್ಲೋರಿನ್. "ಪ್ರತಿ ವರ್ಷ ಅವರೇ ಬಂದು ಈ ಗಾಡಿಯ ಎದುರು ನಿಲ್ತಿದ್ರು. ಈಗ ಕಣ್ಣು ಪೂರಾ ಹೋಗಿದೆ... ಕಾಲೂ ಬರುದಿಲ್ಲ."

ಪ್ರಭುಗಳಿಗೆ ನೆನಪಾಯಿತು. ಬಿಳಿ ಟೋಪಿಯ ಒಬ್ಬ ಮುದುಕ... ಕಾರಿನ ಸುತ್ತ ಕಟ್ಟಿದ ಹಗ್ಗದಾಚೆ ನಿಂತು ಏನೋ ಕೇಳಲು ಬಾಯಿ ತೆರೆದು, ಕೇಳದೆ ಹೋಗುತ್ತಿದ್ದವರು.

"ಒಮ್ಮೆ ಸ್ಟಾರ್ಟ್ ಮಾಡ್ತೀರಾ? ಫೋನಿನಲ್ಲಿ ಅವರಿಗೆ ಶಬ್ದ ಕೇಳಿಸ್ತೇನೆ."

ಇದರಿಂದ ತನಗೆ ಹೋಗುವುದೇನು ಎಂದುಕೊಂಡು ಪ್ರಭುಗಳು ಒಳಗೆ ಕೂತು ಕೀ ತಿರುಗಿಸಿದರು. ಎಂಜಿನ್ ಗುಡುಗಿತು. ಫ್ಲೋರಿನ್ ಗಂಡನಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ ಹತ್ತಿರ ಹಿಡಿದರು.

ಆ ಕಡೆಯಿಂದ ಕೊಂಕಣಿಯಲ್ಲಿ ಒಂದು ನಡುಗುವ ಧ್ವನಿ... ಅದು ಪ್ರಭುಗಳ ಮನೆಮಾತೂ ಹೌದು. ಪ್ರತಿ ಪದವೂ ಅರ್ಥವಾಯಿತು.

"ಫ್ಲೋರಿನ್, ನೀನು ಒಳಗೆ ಕೂತಿದ್ದೀಯಾ?"

"ಇಲ್ಲ... ಹೊರಗೆ ನಿಂತಿದ್ದೇನೆ. ಯಾಕೆ?"

"ಹಡಗಿನಲ್ಲಿ ಕೆಲಸಕ್ಕಿದ್ದಾಗ ಇಟಲಿಯ ಜಿನೋವಾ ಬಂದರಿನಲ್ಲಿ ಇಂಥ ಗಾಡಿ ನೋಡಿದ್ದೆ. ಒಬ್ಬಳು ಗಂಡನ ಪಕ್ಕ ಕೂತು ಹೋಗ್ತಿದ್ಳು, ಕೂದಲು ಗಾಳಿಗೆ ಹಾರ್ತಿತ್ತು. ನಿನ್ನನ್ನು ಒಂದು ದಿನ ಹಾಗೆ ಕೂರಿಸ್ಬೇಕು ಅಂತ ಇತ್ತು... ನಿನ್ನನ್ನು ಒಂದು ರೌಂಡ್ ಕರ್ಕೊಂಡು ಹೋಗ್ತಾರಾ ಅಂತ ಕೇಳ್ಲಿಕ್ಕೇ ನಾನು ಪ್ರತಿ ವರ್ಷ ಹೋಗ್ತಿದ್ದದ್ದು. ಧೈರ್ಯ ಬರ್ಲಿಲ್ಲ."

ಫ್ಲೋರಿನ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮುದುಕನಿಗೆ ಬೇಕಿದ್ದದ್ದು ಕಾರಲ್ಲ ಎಂದು ಅವರಿಗೂ ಗೊತ್ತಾದದ್ದು ಆಗಲೇ...

ಪ್ರಭುಗಳು ಪಕ್ಕದ ಸೀಟನ್ನು ನೋಡಿದರು. ಬಿಸಿಲಿಗೆ ಪ್ಲಾಸ್ಟಿಕ್ ಮಿನುಗುತ್ತಿತ್ತು. ಅವರಿಗೆ ನಾಚಿಕೆಯಾಯಿತು.

ಪರಪರನೆ ಅದನ್ನು ಹರಿದು ತೆಗೆದರು. "ಹತ್ತಿ ಕೂತ್ಕೊಳ್ಳಿ ಬಾಯಮ್ಮ. ಮನೆ ಎಲ್ಲಿ?"

"ಉಳ್ಳಾಲ... ಕಡಲ ಬದಿಯಲ್ಲೇ."

ಕ್ಲಬ್ಬಿನ ಸೆಕ್ರೆಟರಿ ಓಡಿಬಂದರು. "ಪ್ರಭುಗಳೇ, ಹೊರಗೆ ಹೋದ್ರೆ ಕಪ್ ಇಲ್ಲ, ಗೊತ್ತುಂಟಲ್ಲ?"

"ಹಳದಿ ಗಾಡಿಗೆ ಕೊಡಿ ಮಾರಾಯ್ರೆ" ಎಂದು ಪ್ರಭುಗಳು ಗೇಟು ದಾಟಿಯೇಬಿಟ್ಟರು.

ಉಳ್ಳಾಲದ ದಾರಿಯ ಸೇತುವೆಯ ಮೇಲೆ ಗಾಳಿ ರಪರಪನೆ ಬೀಸಿತು. ಫ್ಲೋರಿನ್ ಮೊದಲು ಬಾಗಿಲನ್ನು ಗಟ್ಟಿಯಾಗಿ ಹಿಡಿದಿದ್ದರು... ಆಮೇಲೆ ಚಿಕ್ಕ ಹುಡುಗಿಯ ಹಾಗೆ ನಗತೊಡಗಿದರು. ತುರುಬು ಬಿಚ್ಚಿ ಬಿಳಿ ಕೂದಲೆಲ್ಲ ಹಾರಿತು.

ಉಳ್ಳಾಲದ ಆ ಸಣ್ಣ ಮನೆಯ ಜಗಲಿಯಲ್ಲಿ ಫ್ಲೋರಿನ್ ಗಂಡ ಲಾಜರಸ್ ಕುರ್ಚಿಯಲ್ಲಿ ಕೂತಿದ್ದರು. ಶಬ್ದ ಅಂಗಳದವರೆಗೂ ಬಂತು. ಅವರು ಕೈ ಮುಂದೆ ಚಾಚಿದರು.

ಕಾರನ್ನು ಮುಟ್ಟಬೇಕೇನೋ ಎಂದು ಪ್ರಭುಗಳು ಅವರನ್ನು ಎಬ್ಬಿಸಲು ಹೋದರು. ಮುದುಕ ತಲೆಯಾಡಿಸಿದರು. ಆ ಕೈ ಹೆಂಡತಿಯನ್ನು ಹುಡುಕಿತು... ಅವಳ ತಲೆ ಸವರಿತು.

"ಕೂದಲು ಪೂರಾ ಕೆದರಿದೆ..." ಎಂದರು. "ಹಾಗಾದ್ರೆ ನಿಜವಾಗ್ಲೂ ಕೂತ್ಕೊಂಡೇ ಬಂದಿದ್ದಿ."

ಕಾಣದ ಆ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಪ್ರಭುಗಳು ಅತ್ತ ತಿರುಗಿ ಕಡಲು ನೋಡುತ್ತಾ ನಿಂತರು. ಅವರ ಕಣ್ಣಿನದ್ದೂ ಅದೇ ಪಾಡು.

ಅಲ್ಲಿಂದ ಅವರು ಮೈದಾನಕ್ಕೆ ಹೋಗಲಿಲ್ಲ. ನೇರ ಮನೆಗೆ ಬಂದು ಹಾರ್ನ್ ಹೊಡೆದರು.

ಹೊರಗೆ ಬಂದ ಮೋಹಿನಿ ಸೀಟನ್ನೇ ನೋಡಿದರು. "ಪ್ಲಾಸ್ಟಿಕ್ ಎಲ್ಲಿ?"

"ಹರಿದು ಬಿಸಾಡಿದೆ. ಬಾ... ಕಡಲ ಕಡೆ ಹೋಗಿ ಬರುವಾ."

"ಉಪ್ಪುಗಾಳಿ ಅಲ್ವಾ?"

"ತುಕ್ಕು ಹಿಡಿದ್ರೆ ಉಜ್ಜುವಾ" ಎಂದರು ಪ್ರಭುಗಳು.

ಮೋಹಿನಿ ತಟ್ಟನೆ ತಿರುಗಿ ಒಳಗೆ ಹೋದರು. ತುಂಬ ಹೊತ್ತು ಬರಲೇ ಇಲ್ಲ... ಸಿಟ್ಟಾದಳೇನೋ ಎಂದು ಪ್ರಭುಗಳು ಎಂಜಿನ್ ಆಫ್ ಮಾಡುವುದರಲ್ಲಿದ್ದರು.

ಬಂದಾಗ ಮೋಹಿನಿ ಹೊಸ ಸೀರೆ ಉಟ್ಟಿದ್ದರು. ಮಲ್ಲಿಗೆ ಮುಡಿದಿದ್ದರು. ಕಣ್ಣು ಮಾತ್ರ ಕೆಂಪಾಗಿತ್ತು.

*

ಜೋಪಾನ ಮಾಡಬೇಕಾದದ್ದು ಸೀಟನ್ನಲ್ಲ... ಅದರಲ್ಲಿ ಕೂರಲು ಆಸೆಪಟ್ಟವರನ್ನು.

ನಿಮ್ಮ ಮನೆಯಲ್ಲಿ ಇನ್ನೂ ಪ್ಲಾಸ್ಟಿಕ್ ತೆಗೆಯದೆ ಇಟ್ಟಿರುವುದು ಏನು... ಅದನ್ನು ಕೇಳಿ ಕೇಳಿ, ಕೊನೆಗೆ ಕೇಳುವುದನ್ನೇ ಬಿಟ್ಟವರು ಯಾರು?