ಬದನೆಕಾಯಿ ಬಣ್ಣದ ಕಾರು

“ಯಾರಾದ್ರೂ ಕೇಳಿದ್ರೆ ಕಾರು ನಮ್ದು ಅಂತ ನೀನೇ ಹೇಳ್ಬುಡಪ್ಪ. ನಾವೇ ಹೇಳ್ಕಂಡ್ರೆ ಜಂಬ ಅಂತಾರೆ,” ಎಂದರು ಹಿಂದಿನ ಸೀಟಿನಿಂದ ಹುಚ್ಚಯ್ಯ.

ಸ್ಟೀರಿಂಗ್ ಹಿಡಿದಿದ್ದ ನಿಯಾಜ್ ತಲೆಯಾಡಿಸಿದ. ಬೆಳಿಗ್ಗೆಯಿಂದ ಹಗುರವಾಗಿದ್ದ ಮನಸ್ಸು ಆ ಒಂದು ಮಾತಿಗೆ ಮುದುಡಿಹೋಯಿತು. ಹೆಣ್ಣು ನೋಡಲು ಹೊರಟವರನ್ನು ಕರೆದೊಯ್ಯುವುದು, ಕಾರು ಅವರದೇ ಎಂದು ವಿನಯದಿಂದ ಹೇಳುವುದು, ಎರಡೂ ಅವನಿಗೆ ಹೊಸದಲ್ಲ.

ನಿಯಾಜ್ ರಾಮನಗರದ ಒಂದು ಕಾರ್ ಶೋರೂಮಿನಲ್ಲಿ ಸೇಲ್ಸ್‌ಮನ್. ಹೋದ ವರ್ಷ ಕಂಪನಿಯ ಹೊಸ ಮಾಡೆಲ್ ಬಂದು ಅಲ್ಲಿ ಕೂತಿತು. ಕೂತದ್ದು ಏಳಲಿಲ್ಲ. ಬಂದದ್ದು ಒಂದೇ ಬಣ್ಣದಲ್ಲಿ, ಅದೂ ಬದನೆಕಾಯಿ ಬಣ್ಣ. ರಸ್ತೆಯ ಆಚೆ ಬದಿಯ ಶೋರೂಮಿನಿಂದ ದಿನಕ್ಕೊಂದು ಕಾರು ಹಾರ ಹಾಕಿಸಿಕೊಂಡು ಹೊರಡುತ್ತಿತ್ತು. ನಿಮ್ಮದೇಕೆ ಹೋಗುತ್ತಿಲ್ಲ ಎಂದು ಕಂಪನಿಯವರು ಕೇಳಿದಾಗಲೆಲ್ಲ ನಿಯಾಜ್ ಬಾಯಿಗೆ ಬಂದದ್ದು ಹೇಳುತ್ತಿದ್ದ. ಡಿಕ್ಕಿ ಚಿಕ್ಕದು, ಸ್ಟೀರಿಂಗ್ ಭಾರ, ಒಂದು ಬಲ್ಬಿಗೂ ಬೆಂಗಳೂರಿಗೆ ಓಡಬೇಕು. ಹಾಗಾದರೆ ಜನರನ್ನು ಕೂರಿಸಿ ಒಂದು ಸುತ್ತು ಹಾಕಿಸಿ, ತಾವಾಗಿ ಕೊಳ್ಳುತ್ತಾರೆ ಎಂದು ಅಪ್ಪಣೆಯಾಯಿತು.

ಜನ ಬಂದರು. ಊರಲ್ಲಿ ನಮ್ಮಮ್ಮನೂ ಒಂದು ಸಲ ಕೂತು ನೋಡಲಿ ಎಂದರು. ಆ ಅಮ್ಮ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ಹೂವು ಹಣ್ಣಿನ ತಟ್ಟೆ ಇಟ್ಟುಕೊಂಡು ಹತ್ತುತ್ತಿದ್ದಳು. ಕಾರು ಹೋಗಿ ಯಾವುದೋ ಹೆಣ್ಣಿನ ಮನೆ ಮುಂದೆ ನಿಲ್ಲುತ್ತಿತ್ತು. ಅಲ್ಲಿ ನಿಯಾಜ್ ಡ್ರೈವರ್ ಆಗುತ್ತಿದ್ದ. ಮದುವೆ ಕುದುರಿದರೆ ಕಾರೂ ಹೋದೀತು ಎಂಬ ಆಸೆ ಅವನದು. ಹಾಗೆ ಬಂದವರಲ್ಲಿ ಎಷ್ಟೋ ಮಂದಿಗೆ ಮದುವೆಯಾಯಿತು, ಒಬ್ಬರೂ ಮತ್ತೆ ಶೋರೂಮಿನ ಕಡೆ ತಲೆ ಹಾಕಲಿಲ್ಲ. ಇದನ್ನು ಹೆಂಡತಿ ಅಮೀರುನ್ನೀಸಾಳಿಗೆ ಹೇಳಿಕೊಳ್ಳಲೂ ಅವನಿಗೆ ನಾಚಿಕೆ.

ಹುಚ್ಚಯ್ಯ ಬೈರಮಂಗಲದವರು. ಮಗ ಕೆಂಪರಾಜು ಬಿಡದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಒಳ್ಳೆಯ ಹುಡುಗ. ಮಾತು ಕಡಿಮೆ, ತಲೆಗೂದಲು ಅದಕ್ಕಿಂತ ಕಡಿಮೆ. ಬೈಕಿನಲ್ಲಿ ಹೋಗಿ ಮೂರು ಕಡೆ ಬೇಡ ಅನ್ನಿಸಿಕೊಂಡು ಬಂದಿದ್ದ. ಕಾರು ಓಡಿಸಲು ಬಾರದು, ಅದಕ್ಕೇ ನಿಯಾಜ್‌ನನ್ನು ಕರೆದದ್ದು. ಇದೂ ತಪ್ಪಿದರೆ ಇನ್ನು ಹೆಣ್ಣು ನೋಡಲು ಹೋಗುವುದೇ ಇಲ್ಲ ಎಂದು ಅವನು ಮನೆಯಲ್ಲಿ ಖಂಡಿತವಾಗಿ ಹೇಳಿದ್ದ.

ತಾಯಿ ಮಾರಕ್ಕ ಕೆಂಗಲ್‌ನಲ್ಲಿ ಇಳಿದು ಆಂಜನೇಯನಿಗೆ ಪೂಜೆ ಮಾಡಿಸಿದಳು. ತಿರುಗಿ ಬಂದು, ಸೀಟಿನ ಪ್ಲಾಸ್ಟಿಕ್ ಹರಿಯದಂತೆ ಮೆಲ್ಲಗೆ ಕೂತಳು.

“ಈ ಮದ್ವೆ ಆದ್ರೆ ಎಲ್ಲಾ ಈ ಕಾರಿನ ಕಾಲ್ಗುಣ ಕಣಪ್ಪ,” ಎಂದಳು.

ಚನ್ನಪಟ್ಟಣದ ಆಚೆ, ಮುನಿಶಾಮಯ್ಯನವರ ಮನೆ. ಬೀಗರು ಒಳಗೆ ಹೋದರು, ನಿಯಾಜ್ ಅಂಗಳದಲ್ಲಿ ಉಳಿದ. ಕಿಟಕಿಯಿಂದ ಮಾತು ಕೇಳಿಸುತ್ತಿತ್ತು. ಹುಡುಗಿ ಒಪ್ಪಿದಂತಿತ್ತು. ಕೆಂಪರಾಜು ಏನೋ ಹೇಳಿದ, ಎಲ್ಲರೂ ನಕ್ಕರು. ಆ ಹುಡುಗ ಜನರ ಮುಂದೆ ಅಷ್ಟು ಮಾತಾಡಿದ್ದನ್ನು ನಿಯಾಜ್ ಕೇಳಿರಲಿಲ್ಲ. ಅವನಿಗೂ ಖುಷಿಯಾಯಿತು.

ಆಗ ಒಬ್ಬ ಹೆಂಗಸು ನೀರು ತಂದುಕೊಟ್ಟಳು. ಕೊಟ್ಟವಳು ಹೋಗದೆ ಅವನ ಮುಖವನ್ನೇ ನೋಡುತ್ತ ನಿಂತಳು. ಹೋದ ವರ್ಷ ತಿಪ್ಪಸಂದ್ರದಲ್ಲಿ ನಮ್ಮ ಸೋದರಮಾವನ ಮನೆಗೆ ಬಂದಿದ್ದವರು ನೀವೇ ಅಲ್ಲವೇ ಎಂದು ಕೇಳಿದಳು. ಎಷ್ಟೋ ಊರಿಗೆ ಹೋಗಿರುತ್ತೇನೆ, ನೆನಪಿಲ್ಲ ಎಂದ ನಿಯಾಜ್. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು.

ಮುನಿಶಾಮಯ್ಯನವರು ಹೊರಗೆ ಬಂದು ಕಾರನ್ನು ಒಂದು ಸುತ್ತು ಹಾಕಿದರು.

“ನಂಬರೂ ಇಲ್ಲ. ಯಾರ್ದಪ್ಪ ಇದು?”

“ಹುಚ್ಚಯ್ಯನೋರ್ದೇ ಯಜಮಾನ್ರೇ.”

“ತಿಪ್ಪಸಂದ್ರದಲ್ಲೂ ಹಿಂಗೇ ಅಂದಿದ್ದೆ. ನಿನ್ ಮಾತು ನಂಬಿ ದೊಡ್ ಮಗಳನ್ನ ಕೊಟ್ಬುಟ್ಟೆ. ಅಳಿಯನಿಗೆ ಕಾರೂ ಇರ್ನಿಲ್ಲ, ಅಂಗಡೀನೂ ಇರ್ನಿಲ್ಲ, ಹೊಡೆಯೋ ಕೈ ಒಂದಿತ್ತು. ಈಗ ನಿಂಗೆ ನೀರ್ ಕೊಟ್ಟೋಳು ಅವಳೇ.”

ನಿಯಾಜ್ ಕೈಯಲ್ಲಿ ಲೋಟ ಹಾಗೇ ಇತ್ತು. ಮಕ್ಕಳಾಣೆಗೂ ಇದು ಅವರದೇ ಎಂದ. ನಾಳೆ ಕಾಗದಪತ್ರ ತಂದು ತೋರಿಸುತ್ತೇನೆ ಎಂದ. ಮುನಿಶಾಮಯ್ಯನವರು ದನಿ ಏರಿಸಲಿಲ್ಲ.

“ಈ ಬಣ್ಣದ ಕಾರು ಬಂದ್ರೆ ನಮ್ ಕಡೆ ಐಕ್ಳೂ ನಗ್ತವೆ ಕಣಪ್ಪ, ಶೋರೂಮಿಂದ ಕೇಳ್ಕಂಡ್ ಬಂದ ಗಂಡು ಅಂತ. ಇದನ್ನ ದುಡ್ ಕೊಟ್ಟು ತಗಂಡು ಯಾವನಾದ್ರೂ ಸುಳ್ಳ ಅನ್ನಿಸ್ಕತಾನಾ?”

ಡಿಕ್ಕಿಯಲ್ಲ, ಸ್ಟೀರಿಂಗೂ ಅಲ್ಲ. ಕಂಪನಿಯವರು ಹುಡುಕುತ್ತಿದ್ದ ಕಾರಣ ತಾನೇ ಎಂದು ನಿಯಾಜ್‌ಗೆ ಆಗ ಗೊತ್ತಾಯಿತು. ಆ ಹೆಂಗಸು ಕೊಟ್ಟ ಲೋಟವನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ.

ಆಮೇಲೆ ಹೇಳಿ ಕಳಿಸುತ್ತೇವೆ ಎಂದಷ್ಟೇ ಹೇಳಿ ಮುನಿಶಾಮಯ್ಯನವರು ಬೀಗರನ್ನು ಎಬ್ಬಿಸಿದರು. ಮಾರಕ್ಕ ಅಳುತ್ತ ಬಂದು ಕೂತಳು. ಕೆಂಪರಾಜು ಯಾರ ಮುಖವನ್ನೂ ನೋಡಲಿಲ್ಲ.

ಚನ್ನಪಟ್ಟಣ ದಾಟಿದ ಮೇಲೆ ಹುಚ್ಚಯ್ಯ ಕೇಳಿದರು: “ಅವ್ರಿಗೆ ಏನಂದೆಪ್ಪ ನೀನು?”

“ಕಾರು ನಿಮ್ದೇ ಅಂದೆ.”

“ಅಷ್ಟಕ್ಕೆ ಯಾಕಪ್ಪ ನಮ್ಮನ್ನ ಕಳ್ಳರ ಥರ ನೋಡಿದ್ರು? ಇವತ್ತು ಬೆಳಿಗ್ಗೆ ತಾನೆ ಪೂರಾ ದುಡ್ಡು ಕಟ್ಟಿ ಕೊಂಡ್ಕಂಡಿದ್ದೀವಿ, ನೀನೇ ಕೈಗೆ ಕೀ ಕೊಟ್ಟಿದ್ದೀಯ. ನಮ್ದಲ್ದೆ ಇನ್ಯಾರ್ದು?”